ಒಂದು ಕಣ್ಣು ಮುಚ್ಚಿ ನೋಡುವವನು

ಅವನು ಕಣ್ಣು ಹೊಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ಎಷ್ಟೋ ದಿನ ಆ ಬೀದಿಯಲ್ಲಿ ಯಾರೂ ಇದನ್ನು ನಂಬಲಿಲ್ಲ.

ಅಲೈನ್‌ಮೆಂಟ್ ಕೆಲಸದವರು ಹಾಗೆಯೇ ನೋಡುವುದು. ಗಾಡಿ ಶೆಡ್ಡಿನ ಬಾಗಿಲಿಗೆ ಬಂತು ಅಂದರೆ, ಮಷೀನಿಗೆ ಹತ್ತಿಸುವ ಮೊದಲೇ, ಒಂದು ಕಣ್ಣು ಮುಚ್ಚಿ ಮುಂದಿನ ಚಕ್ರದ ಅಂಚಿನಿಂದ ಹಿಂದಿನ ಚಕ್ರದ ಅಂಚಿನವರೆಗೆ ದೃಷ್ಟಿಯಲ್ಲೇ ಒಂದು ಗೆರೆ ಎಳೆಯುತ್ತಾರೆ. ಅವನ ಅಪ್ಪ ದಾರ ಕಟ್ಟಿ ಚಕ್ರ ನೇರ ಮಾಡುತ್ತಿದ್ದ ಕಾಲದಿಂದ ಬಂದ ಅಭ್ಯಾಸ ಅದು. ಆ ಬೆಳಿಗ್ಗೆ ಬಂದ ಹಸಿರು ಜೀಪನ್ನೂ ಅವನು ಹಾಗೆಯೇ ನೋಡಿದ. ಗ್ರಹಚಾರಕ್ಕೆ, ಅವನ ಕಣ್ಣಿಗೂ ಆ ಚಕ್ರಕ್ಕೂ ನಡುವೆ ಒಬ್ಬಳು ಬಂದುಬಿಟ್ಟಳು. ಆಗ ತಾನೇ ಬಾಗಿಲು ತೆರೆದು, ಎತ್ತರದ ಸೀಟಿನಿಂದ ಕಾಲಿಗೆ ನೆಲ ಹುಡುಕುತ್ತ ಇಳಿಯುತ್ತಿದ್ದಳು.

"ಏನ್ರೀ ಅದು?" ಅಂದಳು.

"ಯಾವುದು ಮೇಡಂ?"

"ಕಣ್ಣು."

"ಚಕ್ರ ನೋಡ್ತಿದ್ದೆ."

"ಚಕ್ರ ಕೆಳಗಿದೆ. ನಾನು ಮೇಲಿದ್ದೀನಿ."

ಕೌಂಟರಿನಲ್ಲಿ ಕೂತಿದ್ದ ಅವನ ಅಕ್ಕ ಬಿದ್ದು ಬಿದ್ದು ನಕ್ಕಳು. ಒಡಹುಟ್ಟಿದವಳು ಅಂದಮೇಲೆ ಒಂದು ಮಾತು ಅವನ ಪರವಾಗಿ ಆಡಬೇಕೋ ಬೇಡವೋ? ಆಡಲಿಲ್ಲ. "ನಮ್ಮ ನೇರಪ್ಪ ಇಷ್ಟು ವರ್ಷಕ್ಕೆ ಒಂದು ಸಲ ಕಣ್ಣು ಹೊಡೆದ, ಅದೂ ಸಿಕ್ಕಿಬಿದ್ದ," ಅಂದಳು. ಅಷ್ಟು ಸಾಕಾಯಿತು. ಪಕ್ಕದ ಟೈರು ಅಂಗಡಿಯವನು ಕಿವಿ ನಿಮಿರಿಸಿದ. ಮಧ್ಯಾಹ್ನದೊಳಗೆ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು.

ನೇರಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ಗೋಡೆಯ ಮೇಲಿನ ಕ್ಯಾಲೆಂಡರು, ಕೌಂಟರಿನ ಮೇಲಿನ ಪೆನ್ನು, ಪಕ್ಕದವನ ಬೋರ್ಡು, ಯಾವುದು ಓರೆ ಕಂಡರೂ ಅವನ ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು. "ನೀನು ನೇರ ಮಾಡಿದ್ಮೇಲೇ ಅದು ಓರೆ ಆಗೋದು ಕಣೋ," ಎಂದು ಅಕ್ಕ ಬೈಯುತ್ತಿದ್ದಳು. ಅವನು ಕೇಳುತ್ತಿರಲಿಲ್ಲ. ಶೆಡ್ಡಿನಲ್ಲಿ ಮಾತೆಲ್ಲ ಅಕ್ಕನದು, ಕೆಲಸವೆಲ್ಲ ತಮ್ಮನದು. ಮದುವೆಯ ಮಾತು ಬಂತೆಂದರೆ ಮಾತ್ರ ಅವನು ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗಿನ ಗುಂಡಿಗೆ ಇಳಿದುಬಿಡುತ್ತಿದ್ದ.

ಬಂದವಳು ಕನ್ನಡಕ ಮಾಡುವವಳು. ಮೇಲಿನ ಬೀದಿಯಲ್ಲಿ, ಬೀಗ ರಿಪೇರಿ ಅಂಗಡಿಯ ಮಹಡಿಯ ಮೇಲೆ ಅವಳ ಕೋಣೆ. ವಾರದಲ್ಲಿ ಕೆಲವು ದಿನ ಜೀಪಿನ ತುಂಬ ಗಾಜು, ಫ್ರೇಮು, ಕಣ್ಣು ಪರೀಕ್ಷೆಯ ಪೆಟ್ಟಿಗೆ ತುಂಬಿಕೊಂಡು ಬೆಟ್ಟದ ಮೇಲಿನ ಹಳ್ಳಿಗಳಿಗೆ ಹೋಗುತ್ತಿದ್ದಳು. ಅಲ್ಲಿಗೆ ಬಸ್ಸು ಹೋಗುವುದಿಲ್ಲ. ರಸ್ತೆ ಅಂತ ಕರೆಯುವ ಆ ಕಲ್ಲಿನ ದಾರಿಯಲ್ಲಿ ಜೀಪಿನ ಹೊಟ್ಟೆ ಬಡಿದು ಬಡಿದು ಸಾಕಾಗಿ, ಸ್ಪ್ರಿಂಗ್ ಅಂಗಡಿಯಲ್ಲಿ ಸಸ್ಪೆನ್ಷನ್ ಲಿಫ್ಟ್ ಹಾಕಿಸಿದ್ದಳು. ಉದ್ದದ ಸ್ಪ್ರಿಂಗು, ಉದ್ದದ ಶಾಕ್ ಅಬ್ಸಾರ್ಬರು. ಗಾಡಿ ಒಂದು ಗೇಣು ಮೇಲೆದ್ದು ಕೂತಿತ್ತು.

"ಎತ್ತರ ಆಯ್ತು. ಆದ್ರೆ ಸ್ಟೀರಿಂಗ್ ಹಿಡಿದ್ರೆ ದೋಣಿ ಹಿಡಿದ ಹಾಗಿದೆ," ಅಂದಳು. "ತಿರುಗಿಸಿದ್ರೆ ತಿರುಗುತ್ತೆ, ವಾಪಸ್ ಬರೋದೇ ಇಲ್ಲ."

"ಬರಲ್ಲ ಮೇಡಂ. ಸೈಕಲ್ ನೋಡಿದ್ದೀರಲ್ಲ, ಮುಂದಿನ ಫೋರ್ಕು ಓರೆಯಾಗಿರುತ್ತೆ. ಆ ಓರೆ ಇರೋದಕ್ಕೇ ಕೈ ಬಿಟ್ರೂ ಸೈಕಲ್ ನೇರ ಹೋಗುತ್ತೆ. ಇದಕ್ಕೂ ಅಂಥದ್ದೊಂದು ಓರೆ ಇದೆ, ಕ್ಯಾಸ್ಟರ್ ಅಂತೀವಿ. ಗಾಡಿ ಎತ್ತಿದಾಗ ಅದು ಹೋಯ್ತು. ಅದರ ಜೊತೆಗೆ ಚಕ್ರಗಳ ಮೂತಿನೂ ಒಂದೊಂದು ದಿಕ್ಕಿಗಾಯ್ತು."

ಅವಳು ತಲೆದೂಗಿದಳು. "ನಮ್ಮಲ್ಲೂ ಹಾಗೇ. ಗಾಜು ಎಷ್ಟು ಚೆನ್ನಾಗಿದ್ರೂ, ಫ್ರೇಮಲ್ಲಿ ಕೂದಲೆಳೆಯಷ್ಟು ತಿರುಗಿ ಕೂತ್ರೆ ಹಾಕ್ಕೊಂಡವರಿಗೆ ತಲೆ ಸುತ್ತು."

ಇಷ್ಟು ಚುರುಕಾಗಿ ಯಾವ ಗಿರಾಕಿಯೂ ಅವನ ಮಾತು ಹಿಡಿದಿರಲಿಲ್ಲ. ಸಾಮಾನ್ಯವಾಗಿ ಜನ ಕ್ಯಾಸ್ಟರ್ ಅಂದ ಕೂಡಲೇ ಮೊಬೈಲ್ ತೆಗೆಯುತ್ತಾರೆ. ಅವನಿಗೆ ಅವಳು ಅಲ್ಲೇ ಹಿಡಿಸಿಹೋದಳು. ಹಿಡಿಸಿದ್ದು ಗೊತ್ತಾಗಲು ಮಾತ್ರ ಅವನಿಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು, ಅವನ ಅಕ್ಕನಿಗೆ ಅಷ್ಟೂ ಬೇಕಾಗಲಿಲ್ಲ.

ಜೀಪು ಮಷೀನಿಗೆ ಹತ್ತಿತು. ಅವನು ಕ್ಯಾಸ್ಟರ್ ಮರಳಿ ತರಲು ಚಕ್ರದ ತೋಳಿನ ಕೀಲಿನಲ್ಲಿ ಕೂರುವ ಬೇರೆ ರಬ್ಬರ್ ಬುಶ್ ಹಾಕಿದ. ಹಾಕುವಾಗಲೇ ಕಂಡದ್ದು, ಬಲಗಡೆಯ ಹಳೇ ಬುಶ್ ಪೂರ್ತಿ ಸವೆದು ಲಡ್ಡಾಗಿತ್ತು. ಅದನ್ನೂ ಬದಲಾಯಿಸಿದ. ಚಕ್ರಗಳ ಮೂತಿ ನೇರ ಮಾಡಿದ, ಸ್ಟೀರಿಂಗನ್ನು ನಡುಮಧ್ಯಕ್ಕೆ ತಂದು ಕೂರಿಸಿದ. ಸ್ಕ್ರೀನಿನಲ್ಲಿ ಕೆಂಪಾಗಿದ್ದ ಅಂಕಿಗಳು ಒಂದೊಂದಾಗಿ ಹಸಿರಾದವು. ಅವನು ಅವುಗಳನ್ನು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದ.

"ನೀವು ಕಣ್ಣು ತೋರಿಸಿದ್ದೀರಾ ಯಾವತ್ತಾದ್ರೂ?" ಅವಳು ಕೇಳಿದಳು.

"ನನ್ನ ಕಣ್ಣಿಗೇನಾಗಿದೆ?"

"ಏನೋ ಆಗಿದೆ. ಇಲ್ಲದಿದ್ರೆ ಸಿಕ್ಕಸಿಕ್ಕವರಿಗೆಲ್ಲ ಯಾಕೆ ಹೊಡೀತೀರಾ?"

ಅವನ ಕಿವಿ ಕೆಂಪಾಯಿತು. ಅವಳು ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿಕೊಂಡಳು. ನಗು ತಡೆಯುತ್ತಿದ್ದಾಳೆ ಎಂದು ಅವಳ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಅವನು ತಾನೇ ಓಡಿಸಿ ನೋಡಿದ. ಹಾಲು ಡೇರಿಯ ಹಿಂದಿನ ನೇರ ರಸ್ತೆಯಲ್ಲಿ ಸ್ಟೀರಿಂಗಿನಿಂದ ಕೈ ತೆಗೆದರೂ ಜೀಪು ಗೆರೆ ಎಳೆದ ಹಾಗೆ ಹೋಯಿತು. ಮನಸ್ಸಿಗೆ ಸಮಾಧಾನವಾಗಿ ಕೀಲಿ ಕೊಟ್ಟ.

ಅವಳು ಮುಂದಿನ ವಾರವೇ ವಾಪಸ್ಸು ಬಂದಳು. "ಎಡಕ್ಕೆ ಎಳೀತಿದೆ."

ಅವನು ಮತ್ತೆ ಮಷೀನಿಗೆ ಹತ್ತಿಸಿದ. ಎಲ್ಲ ಹಸಿರು. ಗಾಳಿ ನೋಡಿದ, ಸರಿ ಇತ್ತು. ಬ್ರೇಕು ಹಿಡಿದುಕೊಂಡಿದೆಯಾ ಅಂತ ನೋಡಿದ, ಅದೂ ಇಲ್ಲ. ಟೈರಿನದೇ ದೋಷವಿರಬಹುದೆಂದು ಮುಂದಿನೆರಡನ್ನು ಎಡಬಲ ಮಾಡಿ ಹಾಕಿದ. ತಾನು ಓಡಿಸಿದ, ನೇರ ಹೋಯಿತು.

ಇನ್ನೂ ಕೆಲವು ದಿನ ಬಿಟ್ಟು ಮತ್ತೆ ಬಂದಳು. "ಎಡಕ್ಕೇ ರೀ."

ಟೈರು ಅಂಗಡಿಯವನಿಗೆ ಹಬ್ಬ. "ಜೀಪು ಎಳೀತಿದೆಯೋ, ಜೀಪಿನವರನ್ನ ಬೇರೆ ಯಾರಾದ್ರೂ ಎಳೀತಿದ್ದಾರೋ," ಎಂದು ಗಟ್ಟಿಯಾಗಿಯೇ ಹಾಡಿಕೊಂಡ. ನೇರಪ್ಪನಿಗೆ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಒಳಗೊಳಗೇ ಖುಷಿ. ಹಾಗೂ ಇರಬಹುದಾ ಎಂಬ ಆಸೆ ಒಂದು ಸಲ ಹುಟ್ಟಿತು ನೋಡಿ, ಆಮೇಲೆ ಬೀದಿಯಲ್ಲಿ ಯಾವ ಜೀಪಿನ ಸದ್ದಾದರೂ ಅವನು ಗುಂಡಿಯಿಂದ ತಲೆ ಎತ್ತುತ್ತಿದ್ದ, ಎತ್ತಿದಾಗೊಮ್ಮೆ ಗಾಡಿಯ ತಳಕ್ಕೆ ಹಣೆ ಬಡಿಸಿಕೊಳ್ಳುತ್ತಿದ್ದ.

"ಹೋಗಿ ಕಣ್ಣು ತೋರಿಸ್ಕೊಂಡು ಬಾರೋ," ಅಂದಳು ಅಕ್ಕ. "ಹಣೆನಾದ್ರೂ ಉಳಿಯುತ್ತೆ."

ಹೋದ. ಮೆಟ್ಟಿಲು ಹತ್ತುವಾಗ ಕೈ ಮೂಸಿ ನೋಡಿಕೊಂಡ, ಎಷ್ಟು ತೊಳೆದರೂ ಗ್ರೀಸಿನ ವಾಸನೆ ಹೋಗಿರಲಿಲ್ಲ.

ಅವಳ ಕೋಣೆ ಚಿಕ್ಕದು. ಗೋಡೆ ತುಂಬ ಕಣ್ಣಿಲ್ಲದ ಕನ್ನಡಕಗಳು ಸಾಲಾಗಿ ನೇತಾಡುತ್ತಿದ್ದವು. ಕಿಟಕಿ ಪಕ್ಕ ಗಾಜು ಉಜ್ಜುವ ಪುಟ್ಟ ಯಂತ್ರ. ಎದುರು ಗೋಡೆಯಲ್ಲಿ ಅಕ್ಷರಗಳ ಬೋರ್ಡು. ಅವಳು ಪೆಟ್ಟಿಗೆ ತೆಗೆಯುವಷ್ಟರಲ್ಲಿ ಅವನು ಹೋಗಿ ಆ ಬೋರ್ಡನ್ನು ಸ್ವಲ್ಪ ಸರಿಸಿ ನೇರ ಮಾಡಿದ.

"ಅಯ್ಯೋ ಮಹರಾಯ, ಅದು ನೇರನೇ ಇತ್ತು!"

"ಇರಲಿಲ್ಲ ಮೇಡಂ."

"ಕೂತ್ಕೊಳ್ಳಿ ಸುಮ್ನೆ."

ಪರೀಕ್ಷೆಯ ಭಾರವಾದ ಫ್ರೇಮನ್ನು ಅವನ ಮೂಗಿಗೆ ಏರಿಸಿ, ಕಿವಿಯ ಹಿಂದೆ ಸರಿಮಾಡಿ, ಒಂದೊಂದೇ ಗಾಜು ಹಾಕಿ ತೆಗೆದಳು. ಗಾಜು ತಿರುಗಿಸಲು ಅವಳು ಬಗ್ಗಬೇಕಿತ್ತು. ಬಗ್ಗಿದಾಗ ಅವಳ ಮುಖ ತೀರಾ ಹತ್ತಿರ. ಅವನು ಮಾತ್ರ ಅಕ್ಷರ ನೋಡಬೇಕಿತ್ತು.

"ಇದು ಚೆನ್ನಾಗಿದೆಯಾ, ಇದಾ?"

"ಎರಡೂ."

"ಒಂದು ಹೇಳಿ."

"ಇನ್ನೊಂದು ಸಲ ತೋರಿಸಿ."

ಅವಳು ಇನ್ನೊಂದು ಸಲ ತೋರಿಸಿದಳು. ಅವನು ಇನ್ನೂ ಒಂದು ಸಲ ಕೇಳಿದ. ಗಾಜು ತಿರುಗಿಸುತ್ತಿದ್ದ ಅವಳ ಬೆರಳು ನಿಂತಿತು. "ಅಕ್ಷರ ಆ ಕಡೆ ಇದೆ," ಅಂದಳು ಮೆಲ್ಲಗೆ. ಆದರೆ ತಕ್ಷಣ ಸರಿಯಲಿಲ್ಲ.

ಗಾಜುಗಳನ್ನು ಪೆಟ್ಟಿಗೆಗೆ ಜೋಡಿಸುತ್ತ ಅವಳು ಹೇಳಿದ ಮಾತು ಮಾತ್ರ ಅವನ ಎದೆಗೆ ಒದ್ದಂತಾಯಿತು. "ಶನಿವಾರ ಬನ್ನಿ, ಕನ್ನಡಕ ಕೊಟ್ಟುಬಿಡ್ತೀನಿ. ಆಮೇಲೆ ಇರ್ತೀನೋ ಇಲ್ವೋ."

"ಎಲ್ಲಿಗೆ?"

"ನಮ್ಮ ಭಾವ ದೂರದ ಪಟ್ಟಣದಲ್ಲಿ ದೊಡ್ಡ ಕನ್ನಡಕದಂಗಡಿಲಿ ಕೆಲಸ ನೋಡಿದ್ದಾರೆ. ಜೀಪ್ ಮಾರಿ ಬಾ ಅಂತಿದ್ದಾರೆ. ಶನಿವಾರ ಮಧ್ಯಾಹ್ನ ಒಬ್ಬರು ಜೀಪು ನೋಡೋಕೆ ಬರ್ತಾರೆ." ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಮೊನ್ನೆ ಇಳಿಜಾರಲ್ಲಿ ಎಡಚಕ್ರ ಅಂಚಿಗೇ ಹೋಯ್ತು. ಕಲ್ಲು ಉರುಳಿ ಕೆಳಗೆ ಬಿದ್ದ ಶಬ್ದ ಕೇಳಿಸ್ತಾನೇ ಇತ್ತು. ಮೇಲೆ ಅಜ್ಜಿಯರು ಕಾಯ್ತಿರ್ತಾರೆ, ನಿಜ. ಒಬ್ಬರು ಕನ್ನಡಕ ಹಾಕಿ ಮೊಮ್ಮಗಳ ಮುಖ ಮುಟ್ಟಿ ಮುಟ್ಟಿ ನೋಡಿದ್ರು, ಅಂಥದ್ದೆಲ್ಲ ಬಿಟ್ಟು ಹೋಗೋಕೆ ನನಗೇನು ಆಸೆನಾ? ಆದ್ರೆ ಈಗ ಕೀಲಿ ಹಿಡಿಯೋಕೇ ಭಯ."

"ಜೀಪು ಯಾರದು ಮೊದಲು?"

"ಗಂಡಂದು. ಬೇರೆ ಆದಾಗ ಅವನು ಹೋದ, ಜೀಪು ಉಳೀತು. ಎರಡರಲ್ಲಿ ಜೀಪೇ ವಾಸಿ ಅಂದ್ಕೊಂಡಿದ್ದೆ." ಅವಳು ನಕ್ಕಳು, ಆದರೆ ಆ ನಗುವಿನಲ್ಲಿ ಜೀವವಿರಲಿಲ್ಲ. "ಈಗ ಅದೂ ಕೈ ಕೊಡ್ತಿದೆ."

ಅವಳು ಹೋಗಿಬಿಡುತ್ತಾಳೆ. ಮೆಟ್ಟಿಲು ಇಳಿಯುವಾಗ ಅವನಿಗೆ ಬೇರೇನೂ ತೋಚಲಿಲ್ಲ. ಜೀಪು ಅವಳ ಕೈಗೆ ನೇರ ಹೋಗಲೇಬೇಕು, ಶನಿವಾರದೊಳಗೆ ಹೋಗಬೇಕು, ಇಲ್ಲದಿದ್ದರೆ ಅವಳು ಹೋಗಿಬಿಡುತ್ತಾಳೆ. ಆ ಕೆಲಸ ಮಾಡಬೇಕಾದವನು ತಾನು. ಆದರೆ ದೋಷ ಎಲ್ಲಿದೆ ಅಂತ ತನಗೇ ಗೊತ್ತಿಲ್ಲ.

ಮರುದಿನ ಫೋನ್ ಮಾಡಿಸಿ ಜೀಪು ತರಿಸಿದ. ಈ ಸಲ ಕೀಲಿ ತೆಗೆದುಕೊಳ್ಳಲಿಲ್ಲ. "ನೀವೇ ಓಡಿಸಿ, ನಾನು ಪಕ್ಕ ಕೂರ್ತೀನಿ," ಅಂದ.

ಡೇರಿಯ ಹಿಂದಿನ ರಸ್ತೆ. ಅವನು ಕಿಟಕಿಯಿಂದ ಹೊರಗೆ ತಲೆ ಹಾಕಿ ಚಕ್ರ ನೋಡಿದ, ರಸ್ತೆಯ ಬಿಳಿ ಗೆರೆ ನೋಡಿದ. ಹೌದು, ಜೀಪು ನಿಧಾನವಾಗಿ ಎಡಕ್ಕೆ ಹೋಗುತ್ತಿತ್ತು. ಅವಳು ಬೆಚ್ಚಿ ಬಲಕ್ಕೆ ತಂದಳು. ಮತ್ತೆ ಎಡಕ್ಕೆ. "ನೋಡಿ, ನೋಡಿದ್ರಾ?" ಅಂದಳು. ಆಗ ಅವನು ಮೊದಲ ಸಲ ಚಕ್ರ ಬಿಟ್ಟು ಅವಳ ಕೈ ನೋಡಿದ. ನೋಡಲು ಅವನಿಗೆ ಬಹಳ ದಿನದಿಂದ ಮನಸ್ಸಿತ್ತು, ನೆಪ ಸಿಕ್ಕಿದ್ದು ಇವತ್ತು.

ಬೆರಳ ಗಂಟುಗಳು ಬೆಳ್ಳಗಾಗುವಷ್ಟು ಬಿಗಿಹಿಡಿತ. ಎಡಗೈ ಕೆಳಗೆ, ಬಲಗೈ ಮೇಲೆ. ನೇರ ರಸ್ತೆಯಲ್ಲಿ, ನೇರ ಗಾಡಿಯನ್ನು, ಅವಳು ತನಗೆ ಅರಿವಿಲ್ಲದೆ ಒಂದಿಷ್ಟು ಎಡಕ್ಕೆ ಎಳೆದು ಹಿಡಿದಿದ್ದಳು.

ಸವೆದುಹೋಗಿದ್ದ ಬಲಗಡೆಯ ಬುಶ್ ಅವನಿಗೆ ಥಟ್ಟನೆ ನೆನಪಾಯಿತು. ಅದರಿಂದಲೇ ಈ ಜೀಪು ವರ್ಷಗಟ್ಟಲೆ ಬಲಕ್ಕೆ ಎಳೆದಿದೆ. ಇವಳು ವರ್ಷಗಟ್ಟಲೆ ಎಡಕ್ಕೆ ಹಿಡಿದಿದ್ದಾಳೆ. ಈಗ ಗಾಡಿ ಸರಿಯಾಗಿದೆ, ಕೈಗೆ ಆ ಸುದ್ದಿ ಮುಟ್ಟಿಲ್ಲ.

ಶೆಡ್ಡಿಗೆ ಬಂದ ಮೇಲೆ ಅವಳು ಹೊರಗಿನ ಬೆಂಚಿನಲ್ಲಿ ಚಹಾ ಹಿಡಿದು ಕೂತಳು. ಅವನು ಅಕ್ಕನನ್ನು ಒಳಗೆ ಕರೆದು ಪಿಸುಮಾತಿನಲ್ಲಿ ಎಲ್ಲ ಹೇಳಿದ.

"ಅಷ್ಟೇ ತಾನೇ?" ಅಂದಳು ಅಕ್ಕ. "ಟೈ ರಾಡ್ ತಿರುಗಿಸಿ ಸ್ಟೀರಿಂಗ್ ಹಳೇ ಥರ ಓರೆ ಕೂರಿಸಿಬಿಡು. ಅವಳ ಕೈಗೆ ಸರಿಹೋಗುತ್ತೆ. ನೇರ ಆಯ್ತು ಅಂತ ಖುಷಿಯಿಂದ ಇಲ್ಲೇ ಉಳೀತಾಳೆ. ನಿನಗೂ ಅದೇ ತಾನೇ ಬೇಕಿರೋದು?"

"ಅದೇ ಬೇಕಿರೋದು," ಅಂದ ಅವನು. ಅಕ್ಕನ ಮುಂದೆ ಮೊದಲ ಸಲ ಬಾಯಿ ಬಿಟ್ಟು ಒಪ್ಪಿಕೊಂಡ. ಅಕ್ಕ ನಗಲಿಲ್ಲ, ಅವನ ಭುಜ ತಟ್ಟಿ ಕೌಂಟರಿಗೆ ಹೋದಳು.

ಅವನು ಗುಂಡಿಗೆ ಇಳಿದ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ನಟ್ಟಿಗೆ ಸ್ಪ್ಯಾನರ್ ಹಾಕಿದ. ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ತಿರುಗಿಸಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಸ್ಪ್ಯಾನರ್ ಹಿಡಿದು ತುಂಬ ಹೊತ್ತು ಹಾಗೆಯೇ ನಿಂತ. ಹಾಗೆ ಮಾಡಿದರೆ ಅವಳು ಪ್ರತಿ ಸಲ ಬೆಟ್ಟ ಹತ್ತುವಾಗಲೂ ತಾನು ಇಟ್ಟ ಓರೆಯನ್ನೇ ಹಿಡಿದುಕೊಂಡು ಹೋಗಬೇಕು. ತನ್ನನ್ನು ನಂಬಿ, ನಗುತ್ತ, ಸುಳ್ಳಿನ ಮೇಲೆ ಕೂತು ಹೋಗಬೇಕು. ಅವನ ಕೈ ಮೇಲೇಳಲಿಲ್ಲ. ಸ್ಪ್ಯಾನರ್ ತೆಗೆದು ಮೇಲೆ ಬಂದ.

ಹೇಳುವುದನ್ನು ಹೇಗೆ ಹೇಳಬೇಕೋ ಅವನಿಗೆ ಎಲ್ಲಿ ಗೊತ್ತು? ಮಷೀನಿನ ಮುಂದೆ ನಿಂತು ಬೆಳೆದವನು. ನೇರವಾಗಿ ಹೇಳಿಬಿಟ್ಟ. "ಮೇಡಂ, ಗಾಡಿ ಸರಿ ಇದೆ. ತಪ್ಪು ನಿಮ್ಮ ಕೈಯದು."

ಅವಳು ಚಹಾದ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು.

"ಏನಂದ್ರಿ?"

"ಅದು... ನಿಮ್ಮ ಕೈ ಎಡಕ್ಕೆ..."

"ಸಾಕು." ಅವಳ ಮುಖ ಬಿಳಿಚಿಕೊಂಡಿತ್ತು. "ಈ ಮಾತು ನನಗೆ ಬಾಯಿಪಾಠ ಬರುತ್ತೆ ರೀ. ಗಾಡಿ ಸರಿ ಇದೆ, ನಿನ್ನ ಕೈಯೇ ಸರಿ ಇಲ್ಲ. ಮದುವೆ ಆದಾಗಿಂದ ಇದನ್ನೇ ಕೇಳಿದ್ದೀನಿ. ಬಲಕ್ಕೆ ಎಳೀತಿದೆ ಅಂದ್ರೆ ನಿನಗೆ ಓಡಿಸೋಕೆ ಬರಲ್ಲ ಅಂತಿದ್ದ. ಯಾರ ಮುಂದೆ ಬೇಕಾದ್ರೂ ಅಂತಿದ್ದ, ನಗ್ತಾ ಅಂತಿದ್ದ. ನೀವು ಬೇರೆ ಥರ ಅಂದ್ಕೊಂಡಿದ್ದೆ."

"ಮೇಡಂ, ನಾನು ಹೇಳಿದ್ದು..."

"ಶನಿವಾರ ಬಂದು ಕನ್ನಡಕ ತಗೊಂಡು ಹೋಗಿ. ಅಷ್ಟೇ."

ಜೀಪು ಸದ್ದು ಮಾಡಿಕೊಂಡು ಹೋಯಿತು. ಟೈರು ಅಂಗಡಿಯವನು ಕೂಡ ಆ ದಿನ ಹಾಡಲಿಲ್ಲ. ಅಕ್ಕ ಬಂದು ತಲೆ ಚಚ್ಚಿಕೊಂಡಳು. "ಅಲ್ವೋ ಪುಣ್ಯಾತ್ಮ, ಸತ್ಯ ಹೇಳೋಕೂ ಒಂದು ರೀತಿ ಬೇಡ್ವಾ? ತಪ್ಪು ಅನ್ನೋ ಮಾತೇ ಸಿಕ್ತಾ ನಿನಗೆ?"

ಅವನಿಗೆ ಅಳು ಬಂತು, ಗುಂಡಿಗೆ ಇಳಿದ.

ಶನಿವಾರ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಅವನು ಒಂದೇ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದ, ಬಾಗಿಲು ತೆರೆಯುತ್ತಲೇ ಅದು ಮರೆತುಹೋಯಿತು. ಕೋಣೆಯಲ್ಲಿ ಅರ್ಧ ಸಾಮಾನು ಆಗಲೇ ಡಬ್ಬಗಳಿಗೆ ಸೇರಿತ್ತು. ಗೋಡೆಯ ಮೇಲಿನ ಅಕ್ಷರದ ಬೋರ್ಡು ಮಾತ್ರ ಉಳಿದಿತ್ತು. ಅವಳು ಮುಖ ಗಂಟಿಕ್ಕಿಕೊಂಡೇ ಅವನನ್ನು ಕೂರಿಸಿ, ಹೊಸ ಕನ್ನಡಕ ಹಾಕಿ, ಕಿವಿಯ ಹತ್ತಿರ ಸ್ವಲ್ಪ ಬಗ್ಗಿಸಿ ಸರಿಮಾಡಿದಳು. ಬೆರಳು ತಾಕಿತು, ಕೂಡಲೇ ಹಿಂದಕ್ಕೆ ಸರಿಯಿತು.

"ನೋಡಿ. ಎದ್ದು ನಡೀರಿ."

ಅವನು ಎದ್ದ. ಅಕ್ಷರಗಳೆಲ್ಲ ಕೆತ್ತಿ ಇಟ್ಟಷ್ಟು ಸ್ಪಷ್ಟ. ಅವಳ ಕಣ್ಣ ಕೆಳಗಿನ ಕಪ್ಪು, ನಿನ್ನೆ ಅತ್ತಿದ್ದಳೆಂದು ಹೇಳುವ ಕೆಂಪು, ಎಲ್ಲವೂ ಸ್ಪಷ್ಟ. ಆದರೆ ಒಂದು ಹೆಜ್ಜೆ ಇಟ್ಟವನೇ ಮೇಜು ಹಿಡಿದುಕೊಂಡ.

"ಮೇಡಂ, ಇದು ಸರಿ ಇಲ್ಲ."

"ಏನು ಸರಿ ಇಲ್ಲ?"

"ನೆಲ ಆ ಕಡೆ ವಾಲಿದೆ. ಬಾಗಿಲೂ ಓರೆ. ಗಾಜು ತಿರುಗಿ ಕೂತಿದೆ ನೋಡಿ."

ಅವಳು ಕನ್ನಡಕ ಕಿತ್ತುಕೊಂಡು, ಕಿಟಕಿಯ ಬಳಿಯ ಯಂತ್ರದಲ್ಲಿಟ್ಟು ಅಳೆದು, ತಂದು ಮತ್ತೆ ಅವನ ಮೂಗಿನ ಮೇಲೆ ಕೂರಿಸಿದಳು. ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾಳೋ ಆ ಮಾತು ಅವಳ ಬಾಯಿಂದ ತಾನಾಗಿಯೇ ಬಂತು. "ಕನ್ನಡಕ ಸರಿ ಇದೆ ರೀ. ಇಷ್ಟು ವರ್ಷ ನಿಮಗೆ ಲೋಕ ಓರೆಯಾಗಿ ಕಂಡಿದೆ, ಕಣ್ಣು ಅದಕ್ಕೇ ಒಗ್ಗಿಹೋಗಿ ತಾನೇ ಸರಿಮಾಡ್ಕೊಂಡು ನೋಡ್ತಿತ್ತು. ಈಗ ಓರೆ ಹೋದ್ರೂ ಅದು ಸರಿಮಾಡೋದನ್ನ ಬಿಟ್ಟಿಲ್ಲ, ಅದಕ್ಕೇ ನೆಲ..."

ಮಾತು ಅಲ್ಲೇ ನಿಂತಿತು.

ಅವಳು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಇಲ್ಲದ ಸ್ಟೀರಿಂಗ್ ಹಿಡಿದಂತೆ ಬೆರಳು ಮಡಿಸಿದಳು. ಎಡಗೈ ಕೆಳಗೆ, ಬಲಗೈ ಮೇಲೆ. ಮತ್ತೆ ಬಿಚ್ಚಿ ಮಡಿಸಿದಳು. ಮತ್ತೂ ಹಾಗೆಯೇ ಬಂತು.

"ಅಯ್ಯೋ," ಅಂದಳು. ಕುರ್ಚಿಯ ಮೇಲೆ ಕುಸಿದು ಕೂತಳು. "ಅಯ್ಯೋ ದೇವರೇ."

"ತಪ್ಪು ಅಂದಿದ್ದು ನನ್ನ ತಪ್ಪು," ಅಂದ ಅವನು. ಮರೆತ ವಾಕ್ಯ ಈಗ ಬಂತು, ಅದರ ಹಿಂದೆ ಇನ್ನೂ ಎಷ್ಟೋ ಮಾತು ಒತ್ತಿಕೊಂಡು ಬಂದವು. "ಆಗ ಗಾಡಿದೇ ತಪ್ಪಿತ್ತು ಮೇಡಂ. ಬಲಗಡೆ ಬುಶ್ ಪುಡಿಪುಡಿ ಆಗಿತ್ತು. ಜೀಪಿನ ಹಿಂದೆ ಸ್ಟೆಪ್ನಿ ಇದೆಯಲ್ಲ, ಅದು ಮೊದಲು ಮುಂದಿದ್ದ ಟೈರು. ಒಂದೇ ಅಂಚು ತಿಂದುಹೋಗಿದೆ, ಇನ್ನೊಂದು ಹೊಸದರ ಹಾಗಿದೆ. ಕೈ ಸವೆಸೋದಲ್ಲ ಅದು, ಗಾಡಿ ಎಳೆದಿದ್ದು. ನೀವು ಅಷ್ಟು ವರ್ಷ ಎಡಕ್ಕೆ ಹಿಡಿದಿದ್ದಕ್ಕೇ ಅದು ರಸ್ತೆ ಮೇಲೆ ಉಳೀತು. ನಿಮಗೆ ಓಡಿಸೋಕೆ ಬರಲ್ಲ ಅಂದವರಿಗೆ ಟೈರು ನೋಡೋಕೂ ಬರ್ತಿರಲಿಲ್ಲ."

ಅವಳು ಎದ್ದು ದಡದಡ ಮೆಟ್ಟಿಲಿಳಿದಳು. ಅವನು ವಾಲಿದ ಮೆಟ್ಟಿಲುಗಳನ್ನು ಗೋಡೆ ಹಿಡಿದು ಇಳಿದು ಬರುವಷ್ಟರಲ್ಲಿ ಅವಳು ಜೀಪಿನ ಹಿಂದೆ ನಿಂತಿದ್ದಳು. ಸ್ಟೆಪ್ನಿಯ ನುಣುಪಾಗಿ ತಿಂದುಹೋದ ಅಂಚಿನ ಮೇಲೆ ಅಂಗೈ ಇಟ್ಟು, ಅದನ್ನು ಸುತ್ತಲೂ ಸವರುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

"ಯಾರೂ ಹೇಳಲಿಲ್ಲ ನನಗೆ," ಅಂದಳು. "ಇದು ಇಲ್ಲೇ ಇತ್ತು. ಯಾರೂ ಹೇಳಲಿಲ್ಲ."

ಅವನು ಜೇಬಿನಿಂದ ಕರವಸ್ತ್ರ ತೆಗೆದ. ಅದರ ತುಂಬ ಗ್ರೀಸು. ಮತ್ತೆ ಜೇಬಿಗಿಡಲು ಹೋದಾಗ ಅವಳು ಕಿತ್ತುಕೊಂಡು ಅದರಲ್ಲೇ ಮುಖ ಒರೆಸಿಕೊಂಡಳು. ಕೆನ್ನೆಯ ಮೇಲೆ ಒಂದು ಕಪ್ಪು ಗೆರೆ ಉಳಿಯಿತು.

"ಹತ್ತಿ," ಅಂದಳು.

ಡೇರಿಯ ರಸ್ತೆಗೆ ಬಂದಾಗ ಬಿಸಿಲು ಏರಿತ್ತು. ಅವನಿಗೆ ಇಡೀ ರಸ್ತೆಯೇ ಒಂದು ಪಕ್ಕಕ್ಕೆ ವಾಲಿದಂತೆ ಕಾಣುತ್ತಿತ್ತು, ಆದರೂ ಕನ್ನಡಕ ತೆಗೆಯಲಿಲ್ಲ. ಜೀಪು ಎಡಕ್ಕೆ ಸರಿಯತೊಡಗಿತು.

"ಹಿಡಿತ ಸಡಿಲ ಬಿಡಿ," ಅಂದ.

"ಭಯ ಆಗುತ್ತೆ."

"ನಾನಿದ್ದೀನಲ್ಲ. ನನಗೂ ರಸ್ತೆ ಓರೆಯಾಗೇ ಕಾಣ್ತಿದೆ. ನಿಮ್ಮ ಕನ್ನಡಕ ನಂಬಿ ಕೂತಿದ್ದೀನಿ. ನೀವು ನನ್ನ ಅಲೈನ್‌ಮೆಂಟ್ ನಂಬಿ."

ಅವಳು ನಕ್ಕಳು, ಅಳುವಿನ ಜೊತೆಗೇ ಬಂದ ನಗು. ಒಂದೊಂದೇ ಬೆರಳು ಸಡಿಲಿಸಿದಳು. ಮೊದಲು ಎಡಗೈ, ಆಮೇಲೆ ಬಲಗೈ. ಸ್ಟೀರಿಂಗ್ ಒಂದಿಷ್ಟು ತಾನಾಗಿಯೇ ತಿರುಗಿ ನಡುವಿಗೆ ಬಂದು ನಿಂತಿತು. ಜೀಪು ಬಿಳಿ ಗೆರೆಯ ಪಕ್ಕದಲ್ಲಿ, ಅತ್ತಲೂ ಇಲ್ಲ ಇತ್ತಲೂ ಇಲ್ಲ, ನೇರ ಹೋಯಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಡೇರಿಯ ಗೋಡೆ ಮುಗಿದು ಬಯಲು ಬಂತು, ಆಗಲೂ ಅದು ನೇರವೇ ಹೋಗುತ್ತಿತ್ತು.

"ಹೋಗ್ತಿದೆ ರೀ," ಎಂದು ಪಿಸುಗುಟ್ಟಿದಳು.

"ನೀವು ಹೋಗಬೇಡಿ," ಅಂದ ಅವನು.

ಅವಳು ಬ್ರೇಕ್ ಒತ್ತಿ ಜೀಪು ಪಕ್ಕಕ್ಕೆ ನಿಲ್ಲಿಸಿದಳು. ಅವನ ಕಡೆ ತಿರುಗಿದಳು. ಅವನ ಕಿವಿ ಕೆಂಪಗಾಗಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಹೇಳಲು ಶುರುಮಾಡಿದ ಮೇಲೆ ಇನ್ನು ನಿಲ್ಲಿಸುವುದೆಂತು ಎಂದು ಅವನು ಹೇಳಿಯೇಬಿಟ್ಟ.

"ಬೇಕಿದ್ರೆ ಮೊನ್ನೆಯೇ ನಿಮ್ಮ ಕೈಗೆ ತಕ್ಕ ಹಾಗೆ ಸ್ಟೀರಿಂಗ್ ಓರೆ ಕೂರಿಸಿಕೊಡಬಹುದಿತ್ತು. ಸ್ಪ್ಯಾನರ್ ಹಾಕೂ ಹಾಕಿದ್ದೆ. ಹಾಗೆ ಮಾಡಿದ್ರೆ ನೀವು ಇಲ್ಲೇ ಇರ್ತಿದ್ರಿ, ನನಗೆ ಬೇಕಿದ್ದಿದ್ದೂ ಅದೇ. ಆಗಲಿಲ್ಲ. ನಿಮಗೆ ಸುಳ್ಳು ಹೇಳಿ ನಿಮ್ಮನ್ನ ಇಟ್ಕೊಳ್ಳೋಕೆ ಮನಸ್ಸು ಬರಲಿಲ್ಲ. ನನಗೆ ನೀವಂದ್ರೆ ತುಂಬಾ ಇಷ್ಟ. ಮಾತಾಡೋಕೆ ಬರಲ್ಲ ನನಗೆ, ಬಂದಿದ್ದು ಇಷ್ಟು."

ಅವಳು ಬೆರಳು ಚಾಚಿ ಅವನ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿದಳು. ಈ ಸಲ ಬೆರಳು ಹಿಂದಕ್ಕೆ ಸರಿಯಲಿಲ್ಲ, ಅವನ ಕೆನ್ನೆಯ ಮೇಲೆ ಉಳಿಯಿತು.

"ನಾನು ಮೂರು ಮೂರು ಸಲ ಬಂದಿದ್ದು ಬರೀ ಜೀಪಿಗಾಗಿ ಅಂದ್ಕೊಂಡಿದ್ರಾ?" ಅಂದಳು.

"ಅಲ್ವಾ?"

"ಮೊದಲ ಸಲ ಜೀಪಿಗೆ. ಎರಡನೇ ಸಲ ಅರ್ಧ ಜೀಪಿಗೆ." ಮುಂದೆ ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. "ನನಗೆ ಇನ್ನೊಂದಷ್ಟು ದಿನ ಎಡಕ್ಕೆ ಎಳೆದು ಹಿಡಿಯೋ ಅಭ್ಯಾಸ ಇದ್ದೇ ಇರುತ್ತೆ. ಜೀಪಲ್ಲಿ ಅಷ್ಟೇ ಅಲ್ಲ. ನೀವು ಏನೋ ಒಂದು ಹೇಳ್ತೀರಾ, ನಾನು ಇನ್ನೇನೋ ಕೇಳಿಸ್ಕೊಂಡು ಸಿಟ್ಟಾಗ್ತೀನಿ. ತಡ್ಕೊಳ್ತೀರಾ?"

"ಪಕ್ಕದಲ್ಲಿ ಕೂತು ಸಡಿಲ ಬಿಡಿ ಅಂತಿರ್ತೀನಿ."

ಮಧ್ಯಾಹ್ನ ಅವರು ಶೆಡ್ಡಿಗೆ ಬಂದಾಗ ಜೀಪು ಕೊಳ್ಳಲು ಬಂದಿದ್ದ ಮನುಷ್ಯ ಬೆಂಚಿನ ಮೇಲೆ ಕಾಯುತ್ತಿದ್ದ. ಅವಳ ಕೋಣೆಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಬೀಗ ರಿಪೇರಿಯವನು ಹೇಳಿದ್ದಕ್ಕೆ ಇಲ್ಲಿಗೆ ಬಂದಿದ್ದನಂತೆ. ಅಕ್ಕ ಅವನಿಗೆ ಆಗಲೇ ಎರಡು ಸಲ ಚಹಾ ಕುಡಿಸಿ ತಡೆದು ಕೂರಿಸಿದ್ದಳು. ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. ಅವಳ ಕೆನ್ನೆಯ ಮೇಲಿನ ಗ್ರೀಸಿನ ಗೆರೆ ನೋಡಿದಳು. ಅಷ್ಟೇ, ಬಂದವನ ಕಡೆ ತಿರುಗಿ, "ಕ್ಷಮಿಸಿ ಸ್ವಾಮಿ, ಈ ಜೀಪು ಮಾರೋದಿಲ್ಲವಂತೆ," ಅಂದಳು.

"ಯಾರು ಹೇಳಿದ್ದು?" ಅಂದ ಆ ಮನುಷ್ಯ.

"ನಾನೇ," ಅಂದಳು ಕನ್ನಡಕದವಳು. "ನಾಳೆ ಬೆಟ್ಟಕ್ಕೆ ಹೋಗಬೇಕು. ಅಜ್ಜಿಯರು ಕಾಯ್ತಿರ್ತಾರೆ." ತುಸು ತಡೆದು ಸೇರಿಸಿದಳು, "ಪಕ್ಕದ ಸೀಟಿಗೂ ಜನ ಇದ್ದಾರೆ."

ಬಂದವನು ಗೊಣಗಿಕೊಂಡು ಹೋದ. ಅವಳು ಜೀಪು ಹತ್ತಿದಳು, ಡಬ್ಬಕ್ಕೆ ತುಂಬಿದ ಸಾಮಾನನ್ನೆಲ್ಲ ಮತ್ತೆ ಗೋಡೆಗೆ ಏರಿಸಬೇಕಿತ್ತು. ಗಾಡಿ ತಿರುಗಿಸುವಾಗ ನೋಡಿದರೆ, ನೇರಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿದ್ದ.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಹೊಸ ಕನ್ನಡಕ ಕೊಟ್ಟಿದ್ದೀನಲ್ರೀ. ಚಕ್ರ ನೋಡೋಕೆ ಇನ್ನೂ ಯಾಕೆ ಒಂದು ಕಣ್ಣು ಮುಚ್ತೀರಾ?"

ಕೌಂಟರಿನಲ್ಲಿ ಅಕ್ಕ ಕಿವಿಗೊಟ್ಟಳು. ಪಕ್ಕದಲ್ಲಿ ಟೈರು ಅಂಗಡಿಯವನು ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟ.

"ಚಕ್ರ ಯಾರು ನೋಡಿದ್ರು?" ಅಂದ ನೇರಪ್ಪ, ಇಡೀ ಬೀದಿಗೆ ಕೇಳಿಸುವ ಹಾಗೆ. "ಈ ಸಲ ಹೊಡೆದಿದ್ದೇ."